ಎರಡನೆಯ ಬಿಸ್ಕತ್ತು

ನಿಮ್ಮ ಮನೆಯ ನೆತ್ತಿಯಿಂದ ಬೀದಿಯ ಮೇಲಕ್ಕೆ ಚಾಚಿಕೊಂಡಿದೆಯಲ್ಲ, ಆ ತೊಲೆಯ ಮೇಲಾಣೆ. ಅದರ ಕೊಕ್ಕೆಯ ಮೇಲಾಣೆ. ಕೊಕ್ಕೆಗೆ ಸಿಕ್ಕಿಸಿರುವ ನನ್ನ ಹಗ್ಗದ ಮೇಲಾಣೆ. ಈಗ ಹೇಳುವುದರಲ್ಲಿ ಒಂದೇ ಒಂದು ಮಾತು ಸುಳ್ಳಾಗಿದ್ದರೆ, ಕಿಟಕಿಯ ಹೊರಗೆ ನೇತಾಡುತ್ತಿರುವ ನಿಮ್ಮ ಪಿಯಾನೋ ನನ್ನ ತಲೆಯ ಮೇಲೇ ಬೀಳಲಿ. ಹೆದರಬೇಡಿ, ಬೀಳುವುದಿಲ್ಲ. ಹತ್ತು ಗಂಟೆ ಹೊಡೆಯಿತಲ್ಲ, ಕಾಫಿ ಮುಗಿಯಲಿ, ಆಮೇಲೆ ಒಳಗೆ ಎಳೆದುಕೊಳ್ಳೋಣ. ಬೇಕಿದ್ದರೆ ಕೆಳಗೆ ಅಡುಗೆಮನೆಯಲ್ಲಿ ಕೂತಿರುವ ನನ್ನ ಭಾವಮೈದುನ ಹಾರ್ಮೆನ್‌ನನ್ನು ಕೇಳಿ. ಎಲ್ಲ ಸುಳ್ಳು ಅನ್ನುತ್ತಾನೆ. ಅವನಿಗೆ ಎಡಗಿವಿ ಕೇಳಿಸುವುದಿಲ್ಲ, ಹಾಗಾಗಿ ಅರ್ಧ ಮಾತ್ರ ಗೊತ್ತು.

ಈ ಡೋರ್ಡ್ರೆಕ್ಟ್ ಊರಿನಲ್ಲಿ ನಾನು ಸಾಮಾನು ಸಾಗಿಸಲು ಶುರುಮಾಡಿ ಮೂವತ್ತು ವರ್ಷವಾಯಿತು. ವೀಬೆ ಅಂದರೆ ಬಂದರಿನ ಬೀದಿಗಳಲ್ಲಿ ನಾಯಿಗೂ ಗೊತ್ತು. ಮೆಟ್ಟಿಲಲ್ಲಿ ಹತ್ತದ ಬೀರು, ಮಂಚ, ದಪ್ಪಗಿರುವ ಅತ್ತೆಯಂದಿರು, ಎಲ್ಲವನ್ನೂ ಕಿಟಕಿಯಿಂದಲೇ ಏರಿಸಿ ಇಳಿಸಿದ್ದೇನೆ. ಆದರೆ ಈ ಮನೆಯ ತೊಲೆ ಕಂಡರೆ ಇವತ್ತಿಗೂ ಅದರ ಕೆಳಗೆ ನಿಲ್ಲದೆ ಸುತ್ತುಬಳಸಿ ಹೋಗುತ್ತೇನೆ. ಮಹಾಯುದ್ಧಕ್ಕೆ ಒಂದು ವರ್ಷ ಮುಂಚೆ, ಒಂದು ಬುಧವಾರ, ಈ ಕಿಟಕಿಯ ಹೊರಗೆ ಪಿಯಾನೋ ಇರುವ ಜಾಗದಲ್ಲಿ ನಾನೇ ನೇತಾಡುತ್ತಿದ್ದೆ. ತಲೆ ಕೆಳಗೆ, ಕಾಲು ಮೇಲೆ. ಹೊಟ್ಟೆಯಲ್ಲಿ ವಿಷ.

ಆಗ ಇಲ್ಲಿ ಇದ್ದವರು ಯುಫ್ರೌ ಅಪೊಲೋನಿಯಾ ಫಾನ್ ಡ್ರೀಲ್. ಮದುವೆಯಾಗಿರಲಿಲ್ಲ, ಅದಕ್ಕೇ ಯುಫ್ರೌ. ಮೊದಲು ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಆಮೇಲೆ ಅದನ್ನು ಬಿಟ್ಟು ಜನರನ್ನು ಕೊಲ್ಲತೊಡಗಿದರು. ಕಾಗದದ ಮೇಲೆ, ಇನ್ನೆಲ್ಲಿ? ಎತ್ತರದ ಹೆಂಗಸು, ಕಪ್ಪು ಲಂಗ, ಗಂಡಸರ ಸೈಕಲ್ಲು, ದವಡೆಯಲ್ಲಿ ಯಾವಾಗಲೂ ಒಂದು ಕರಿ ಉಪ್ಪುಮಿಠಾಯಿ. ನಮ್ಮ ಭಾಷೆಯಲ್ಲಿ ಕೊಲೆಯ ಕಥೆ ಬರೆದು ಹೊಟ್ಟೆ ಹೊರೆಯಬಹುದು ಅಂತ ಯಾರಿಗೂ ಹೊಳೆಯದ ಕಾಲ ಅದು. ಇವರಿಗೆ ಹೊಳೆಯಿತು. ಆದರೆ ಪುಸ್ತಕದ ಮೇಲೆ ಇವರ ಹೆಸರಿರುತ್ತಿರಲಿಲ್ಲ, ಯಾವನೋ ಇಲ್ಲದ ಇಂಗ್ಲಿಷ್ ದೊರೆಯ ಹೆಸರು. ಒಳಗೆ ಲಂಡನ್ನು, ಮಂಜು, ಕುದುರೆಗಾಡಿ. ಇವರು ಲಂಡನ್ ನೋಡಿದವರೇ ಅಲ್ಲ. ಮಂಜು ಬೇಕಾದಾಗ ನಮ್ಮ ಹೊಳೆಯ ದಂಡೆಗೆ ಹೋಗಿ ನಿಂತು ಬರುತ್ತಿದ್ದರು.

ಇನ್ನೊಂದು ಅಭ್ಯಾಸವಿತ್ತು ಅವರಿಗೆ. ಮಾಡಿ ನೋಡದೆ ಏನನ್ನೂ ಬರೆಯುತ್ತಿರಲಿಲ್ಲ. ಹೆಣವನ್ನು ಬೀರುವಿನಲ್ಲಿ ಬಚ್ಚಿಡಬೇಕು ಅಂದರೆ ನಾನು ಬೀರುವಿನೊಳಗೆ ಹೋಗಬೇಕು, ಅವರು ಗಡಿಯಾರ ಹಿಡಿದು ಹೊರಗೆ ನಿಲ್ಲಬೇಕು. ನಾನು ಸಣ್ಣ ಆಳು, ಎಲ್ಲಿ ಬೇಕಾದರೂ ಹಿಡಿಸುತ್ತೇನೆ. ಮೂರು ವರ್ಷದಲ್ಲಿ ಈ ಮನೆಯಲ್ಲಿ ನಾನು ಹದಿನೇಳು ಸಲ ಸತ್ತಿದ್ದೇನೆ. ಮಳೆನೀರಿನ ಪೀಪಾಯಿಯಲ್ಲಿ ಎರಡು ಸಲ, ಮೆಟ್ಟಿಲ ಮೇಲೆ ಐದು ಸಲ, ಕಲ್ಲಿದ್ದಲ ಗೂಡಿನಲ್ಲಿ ಒಂದು ಸಲ. ಆ ಒಂದು ಸಲಕ್ಕೆ ನಾಲ್ಕು ದಿನ ಕರ್ರಗೆ ಕೆಮ್ಮಿದೆ. ನಾನು ಕೇಳಿದ್ದು ಒಂದೇ: "ಯುಫ್ರೌ, ಒಂದಲ್ಲ ಒಂದು ದಿನ ನನ್ನ ಹೆಸರನ್ನೂ ಪುಸ್ತಕದಲ್ಲಿ ಹಾಕಿ." ಅವರು "ನೋಡೋಣ" ಅಂದಿದ್ದರು.

ಒಂದು ಸೋಮವಾರ ನಾನು ಆ ಮೂಲೆಯಲ್ಲಿದ್ದ ಬೀರುವಿನಲ್ಲಿ ಸತ್ತುಕೊಂಡಿದ್ದೆ. ಬಾಗಿಲ ಗಂಟೆ ಬಾರಿಸಿತು. ರೋಟರ್‌ಡ್ಯಾಮಿನಿಂದ ಪುಸ್ತಕ ಅಚ್ಚು ಹಾಕಿಸುವ ಮೆನೇರ್ ಕ್ವಾಕರ್ನಾಕ್ ಬಂದಿದ್ದರು. ದುಂಡಗಿನ ಆಸಾಮಿ, ಮಾತಾಡಿದರೆ ಏದುಸಿರು. ಯುಫ್ರೌ ಕಳಿಸಿದ್ದ ಹೊಸ ಕಥೆಯ ಕಟ್ಟನ್ನು ವಾಪಸ್ ತಂದಿದ್ದರು. ಆ ಕಥೆಯಲ್ಲಿ ಲಂಡನ್ನಿಲ್ಲ. ನಮ್ಮೂರು, ನಮ್ಮ ಬಂದರು, ಹಸಿ ಹೆರಿಂಗ್ ಮೀನು ತಿನ್ನುವ ನಮ್ಮ ಇನ್‌ಸ್ಪೆಕ್ಟರು.

ಬೀರುವಿನ ಸಂದಿಯಿಂದ ನನಗೆಲ್ಲ ಕೇಳಿಸುತ್ತಿತ್ತು.

"ಯುಫ್ರೌ, ಕೊಲೆ ಅಂದ್ರೆ ಲಂಡನ್ನೇ. ಮಂಜು ಬೇಕು, ದಪ್ಪ ಪರದೆ ಬೇಕು. ನಮ್ಮೂರಲ್ಲಿ ಪರದೆ ಎಳಿಯೋ ಮನೆ ಒಂದು ತೋರಿಸಿ. ಯಾರ ತಟ್ಟೇಲಿ ಎಷ್ಟು ಆಲೂಗಡ್ಡೆ ಅಂತ ಬೀದಿಗೆಲ್ಲಾ ಗೊತ್ತು. ಇಲ್ಲಿ ಹೆಣ ಬಿದ್ರೆ ತಣ್ಣಗಾಗೋದ್ರೊಳಗೆ ಎದುರುಮನೆಯೋರು ಬಂದು ಕಾಲೊರೆಸ್ಕೊಂಡು ನಿಂತಿರ್ತಾರೆ. ಯಾರ್ರೀ ನಂಬ್ತಾರೆ ಇದನ್ನ?"

"ಬರಲ್ಲ ಮೆನೇರ್. ನೋಡ್ತಾರೆ, ನೋಡ್ಲಿಲ್ಲ ಅನ್ನೋ ಹಂಗೆ ಇರ್ತಾರೆ. ಅದೇ ನನ್ನ ಪುಸ್ತಕ."

"ಎದುರುಮನೆ ಮೆಫ್ರೌ ಕ್ನೂಪ್ ಸುಮ್ನಿರ್ತಾರಾ?"

ಈ ವಿಧವೆ ಕ್ನೂಪ್ ತಮ್ಮ ಕಿಟಕಿಯ ಹೊರಗೆ ಎರಡು ಪುಟ್ಟ ಕನ್ನಡಿ ಸಿಕ್ಕಿಸಿಕೊಂಡು, ಕುರ್ಚಿಯಿಂದ ಏಳದೆ ಬೀದಿಯ ಎರಡೂ ತುದಿ ಕಾಯುತ್ತಿದ್ದ ಹೆಂಗಸು. ಆ ಕನ್ನಡಿಗಳು ಇನ್ನೂ ಇವೆ, ಬಗ್ಗಿ ನೋಡಿ.

"ಅವರ ಪಕ್ಕದಲ್ಲೇ ಕೂತ್ಕೊಳಿ," ಅಂದರು ಯುಫ್ರೌ. "ಇದೇ ಬುಧವಾರ, ಹಾಡುಹಗಲು ಹತ್ತು ಗಂಟೆಗೆ, ಈ ಕಿಟಕಿಯಿಂದ ಜಮಖಾನೇಲಿ ಸುತ್ತಿ ಒಂದು ಹೆಣ ಇಳಿಸ್ತೀನಿ. ಮೆಫ್ರೌ ಕ್ನೂಪ್ ಪೊಲೀಸ್ ಅಂತ ಬಾಯಿ ತೆಗೆದ್ರೆ, ಇಲ್ಲಾ ಹೊರಗೆ ಬಂದು ಒಳಗಿರೋದು ಯಾರು ಅಂತ ಕೇಳಿದ್ರೆ, ನಾನು ಸೋತೆ. ಸಾಯೋತನಕ ಲಂಡನ್ನೇ ಬರೀತೀನಿ. ಕೇಳ್ಲಿಲ್ಲ ಅಂದ್ರೆ, ಈ ಕಥೆ, ಈ ಊರು, ನನ್ನ ಹೆಸರು. ಹಂಗೇ ಅಚ್ಚಾಗ್ಬೇಕು."

"ಆಗ್ಲಿ. ಆದ್ರೆ ಹೆಣ ಎಲ್ಲಿಂದ ತರ್ತೀರಿ?"

"ಬೀರುವಿನಲ್ಲಿದೆ."

ಅದೇ ಹೊತ್ತಿಗೆ ನನಗೆ ಸೀನು ಬಂತು. ಮೆನೇರ್ ಕ್ವಾಕರ್ನಾಕ್ ಟೋಪಿ ಬಿಟ್ಟು ಓಡಿದರು.

ಅಲ್ಲಿಯವರೆಗೆ ಎಲ್ಲ ತಮಾಷೆಯೇ. ಭಯ ಶುರುವಾದದ್ದು ಮಂಗಳವಾರ. ಜಮಖಾನೆಯ ಅಳತೆ ನೋಡಲು ಬಂದಿದ್ದೆ. ಯುಫ್ರೌ ಕೆಳಗೆ ಹಾಲಿನವನ ಹತ್ತಿರ ಮಾತಾಡುತ್ತಿದ್ದರು. ಮೇಜಿನ ಮೇಲೆ ಒಂದು ಹಾಳೆ, ಅದರ ಮೇಲೆ ನನ್ನ ಹೆಸರು. ನಾನು ಶಾಲೆಗೆ ಹೋದದ್ದು ಎರಡು ಚಳಿಗಾಲ, ಅದೂ ಅಲ್ಲಿ ಒಲೆ ಇತ್ತು ಅಂತ. ಬೆರಳಿಟ್ಟು ಒಂದೊಂದೇ ಅಕ್ಷರ ತಳ್ಳಿಕೊಂಡು ಓದಿದೆ.

'ವೀಬೆ. ಹೆಣ ಸಾಗಿಸಿದವನು. ಬಾಯಿ ಭದ್ರವಿಲ್ಲ, ಉಳಿಸಬಾರದು. ಬುಧವಾರ ಬೆಳಿಗ್ಗೆ. ಕಾಫಿ. ಎರಡನೆಯ ಬಿಸ್ಕತ್ತು. ಮೊದಲು ನಾಲಿಗೆ ಜೋಮು. ಆಮೇಲೆ ಪಾದ ತಣ್ಣಗೆ. ಆಮೇಲೆ ಕಿವಿಯಲ್ಲಿ ಗಂಟೆ. ಹತ್ತು ನಿಮಿಷ.'

ಓದಿ ಮುಗಿಸಿ ಹಾಳೆಯನ್ನು ಇದ್ದ ಹಾಗೇ ಇಟ್ಟೆ. ವಿಷ ಅಂತ ಬರೆದಿದ್ದರೂ ಅಷ್ಟು ಹೆದರುತ್ತಿರಲಿಲ್ಲ. ಎರಡನೆಯ ಬಿಸ್ಕತ್ತು! ನೀವೇ ಹೇಳಿ. ಕಾಫಿ ಬರುತ್ತದೆ, ಡಬ್ಬಿ ತೆರೆಯುತ್ತದೆ, ಒಂದು ಬಿಸ್ಕತ್ತು ಬರುತ್ತದೆ, ಮುಚ್ಚಳ ಟಪ್ ಅಂತ ಬೀಳುತ್ತದೆ. ಪಾದ್ರಿಗೂ ಒಂದೇ, ವೈದ್ಯನಿಗೂ ಒಂದೇ. ನಾನು ಹುಟ್ಟಿದಾಗಿನಿಂದ ಈ ಊರಿನಲ್ಲಿ ಯಾರಿಗಾದರೂ ಎರಡನೆಯದು ಕೊಟ್ಟದ್ದನ್ನು ಕಂಡಿರಲಿಲ್ಲ. ಸುಮ್ಮಸುಮ್ಮನೆ ಯಾರಾದರೂ ಕೊಡುತ್ತಾರೆಯೇ?

ಮನೆಗೆ ಹೋಗಿ ಹೆಂಡತಿ ಹಿಲ್ಲಾಗೆ ಹೇಳಿದೆ. ಅವಳು ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ.

"ಎರಡನೇ ಬಿಸ್ಕತ್ತಾ? ನಿಂಗಾ? ನಮ್ಮ ಮದುವೆ ದಿನಾನೇ ನಮ್ಮಮ್ಮ ನಿಂಗೆ ಎರಡನೇದು ಕೊಡ್ಲಿಲ್ಲ."

"ಅದಕ್ಕೇ ಹೇಳ್ತಿರೋದು ಕಣೇ. ಕೊಟ್ರೆ ನಾನು ಸತ್ತೆ ಅಂತ ಅರ್ಥ."

"ಕೊಟ್ರೆ ತಾನೆ? ಯಾರೂ ಕೊಡಲ್ಲ. ಬಾಯಿ ಮುಚ್ಕೊಂಡು ಊಟ ಮಾಡು."

"ಕೊಟ್ಬಿಟ್ರೆ?"

ಹಿಲ್ಲಾ ಚಾಕು ಕೆಳಗಿಟ್ಟಳು. "ಕೊಟ್ಬಿಟ್ರೆ, ಆ ಹೆಂಗಸಿಗೆ ತಲೆ ಕೆಟ್ಟಿದೆ. ಓಡಿ ಬಾ."

ಇದು ಸಮಾಧಾನ ಹೇಳುವ ರೀತಿಯೇ? ಹೋಗದೆ ಇರಬಹುದಿತ್ತು. ಆದರೆ ಮಾತು ಕೊಟ್ಟಿದ್ದೆ. ನಾನಿಲ್ಲದೆ ಹೆಣವಿಲ್ಲ, ಹೆಣವಿಲ್ಲದೆ ಅವರ ಪುಸ್ತಕವಿಲ್ಲ. ಮೂರು ವರ್ಷದಿಂದ ಅವರು ಆ ಒಂದು ಕಥೆಗಾಗಿ ಕೂತು ಬೆನ್ನು ಬಗ್ಗಿಸಿಕೊಂಡದ್ದನ್ನು ನಾನು ನೋಡಿದ್ದೆ, ಹೆಚ್ಚಾಗಿ ಪೀಪಾಯಿಯೊಳಗಿಂದ. ಹದಿನೇಳು ಸಲ ಸತ್ತವನು ಹದಿನೆಂಟನೆಯದಕ್ಕೆ ಹಿಂಜರಿದರೆ ಚೆನ್ನಾಗಿರುವುದಿಲ್ಲ ಅಂತ ಹೊರಟೆ.

ಬುಧವಾರ ಒಂಬತ್ತೂವರೆಗೆ ಈ ಕೋಣೆಗೆ ಬಂದೆ. ಯುಫ್ರೌ ಬಾಗಿಲಲ್ಲೇ ನಿಂತು, "ಬಾ ವೀಬೆ, ಬಾ, ಚಳಿ ಇದೆಯಲ್ಲಾ ಹೊರಗೆ" ಅಂದರು. ಮೂರು ವರ್ಷದಲ್ಲಿ ಅವರು ನನ್ನ ಚಳಿಯನ್ನು ವಿಚಾರಿಸಿದವರಲ್ಲ. ಪೀಪಾಯಿಯೊಳಗೆ ಇದ್ದಾಗಲೂ ಇಲ್ಲ. ಮೇಜಿನ ಮೇಲೆ ಕಾಫಿ ಆಗಲೇ ಸಿದ್ಧ. ಒಂಬತ್ತೂವರೆಗೆ ಕಾಫಿ! ಈ ಊರಿನಲ್ಲಿ ಕಾಫಿ ಅಂದರೆ ಹತ್ತಕ್ಕೆ, ಒಂದು ನಿಮಿಷ ಮುಂಚೆ ಇಲ್ಲ.

ಡಬ್ಬಿ ತೆರೆದರು. ಒಂದು ಬಿಸ್ಕತ್ತು ಕೊಟ್ಟರು. ತಿಂದೆ. ಮುಚ್ಚಳದ ಮೇಲೆ ನನ್ನ ಕಣ್ಣು. ಮುಚ್ಚು, ತಾಯಿ, ಮುಚ್ಚು ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಟಪ್ ಅಂತ ಮುಚ್ಚಿದರು. ನನ್ನ ಜೀವ ವಾಪಸ್ ಬಂತು. ಕಾಫಿ ಒಂದು ಗುಟುಕು ಕುಡಿದೆ, ಯುಫ್ರೌ ಹಗ್ಗದ ಬಗ್ಗೆ ಏನೋ ಕೇಳಿದರು, ಏನೋ ಹೇಳಿದೆ.

ಆಮೇಲೆ ಅವರ ಕೈ ಮತ್ತೆ ಡಬ್ಬಿಯ ಕಡೆ ಹೋಯಿತು.

ಮುಚ್ಚಳ ತೆರೆದ ಸದ್ದು ನನಗೆ ಶವಪೆಟ್ಟಿಗೆ ತೆರೆದಂತೆ ಕೇಳಿಸಿತು. ಒಳಗೆ ಕಂದು ಬಣ್ಣದ, ಚಕ್ಕೆ ಲವಂಗ ಹಾಕಿದ ದಪ್ಪ ಬಿಸ್ಕತ್ತು, ಒಂದೇ ಒಂದು. ಅದನ್ನು ತಮ್ಮ ಕೈಯಾರೆ ತೆಗೆದು ನನ್ನ ಮುಂದೆ ಹಿಡಿದರು.

"ಇನ್ನೊಂದು ತಗೋ ವೀಬೆ."

"ಬೇಡ ಯುಫ್ರೌ."

"ತಗೋಪ್ಪಾ, ಸಂಕೋಚ ಯಾಕೆ?"

"ಹೊಟ್ಟೆ ತುಂಬಿದೆ ಯುಫ್ರೌ. ಬೆಳಿಗ್ಗೆ ಹಿಲ್ಲಾ ಗಂಜಿ… ಎರಡು ಬಟ್ಟಲು…"

"ಒಂದು ಬಿಸ್ಕತ್ತಿಗೆ ಜಾಗ ಇಲ್ವಾ?" ಅಂತ ನನ್ನ ಮುಖವನ್ನೇ ನೋಡುತ್ತಾ ಕೂತರು. ಕಣ್ಣು ಮಿಟುಕಿಸಲಿಲ್ಲ. ಬಲಗೈಯಲ್ಲಿ ಬಿಸ್ಕತ್ತು, ಎಡಗೈಯಲ್ಲಿ ಗಡಿಯಾರ.

ಓಡೋಣವೆಂದರೆ ಮೆಟ್ಟಿಲ ತುಂಬ ಹಾರ್ಮೆನ್. ಅವನು ಹತ್ತಿ ಬರುತ್ತಿದ್ದರೆ ಆ ಮೆಟ್ಟಿಲಲ್ಲಿ ಬೆಕ್ಕೂ ಇಳಿಯುವುದಿಲ್ಲ. ಬಿಸ್ಕತ್ತು ತಗೊಂಡೆ. ಬಾಯಿಯ ಹತ್ತಿರ ಒಯ್ದೆ. ಯುಫ್ರೌ ಹಾರ್ಮೆನ್ ಕಡೆ ತಿರುಗಿದ ಕ್ಷಣದಲ್ಲಿ ಅಂಗಿಯ ಎದೆಜೇಬಿಗೆ ಜಾರಿಸಿ, ದವಡೆ ಆಡಿಸಿ, ನುಂಗಿದಂತೆ ಮಾಡಿದೆ. ಉಳಿದುಕೊಂಡೆ ಅಂದುಕೊಂಡೆ. ಆ ಜೇಬಿಗೆ ಗುಂಡಿ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ನನ್ನನ್ನು ಜಮಖಾನೆಯ ಮೇಲೆ ಮಲಗಿಸಿ ಸುತ್ತಿದರು. ಹತ್ತು ಗಂಟೆಗೆ ಇನ್ನೆರಡು ನಿಮಿಷ. ಹಾರ್ಮೆನ್ ಹಗ್ಗ ಕಟ್ಟಿದ. ಸುತ್ತಿದ ಜಮಖಾನೆಗೆ ತಲೆ ಯಾವುದು, ಕಾಲು ಯಾವುದು? ಅವನಿಗೆ ಕಂಡ ತುದಿಗೆ ಕಟ್ಟಿ, ಕೆಳಗೆ ಬೀದಿಗೆ ಹೋಗಿ ಎಳೆದ. ನಾನು ಕಿಟಕಿಯಿಂದ ಹೊರಗೆ ಬಿದ್ದೆ, ಒಂದು ತಿರುಗು ತಿರುಗಿದೆ, ತಲೆಕೆಳಗಾಗಿ ನಿಂತೆ. ಜಮಖಾನೆಯ ತೆರೆದ ತುದಿಯಿಂದ ನೋಡಿದರೆ ದಕ್ಕೆಯ ಕಲ್ಲುಗಳು ಆಕಾಶದಲ್ಲಿವೆ, ದೋಣಿಗಳು ಬುಡಮೇಲಾಗಿವೆ. ಅರ್ಧ ಇಳಿದಿದ್ದೆ ಅಷ್ಟೆ. ಆಗ ದೊಡ್ಡ ಚರ್ಚಿನ ಗಂಟೆ ಹತ್ತು ಹೊಡೆಯಿತು.

ಹಗ್ಗ ನಿಂತಿತು.

ಕಾದೆ. ಕೆಳಗೆ ಹಾರ್ಮೆನ್ ಹಗ್ಗವನ್ನು ಬಾಗಿಲ ಪಕ್ಕದ ಕಬ್ಬಿಣದ ಬಳೆಗೆ ಸುತ್ತಿ ಗಂಟು ಹಾಕುತ್ತಿದ್ದ. ಅಂಗೈ ಒರೆಸಿಕೊಂಡ. ಕಾಲಿನ ಮಣ್ಣು ಕೊಡವಿ ಒಳಗೆ ಹೋದ. ಕಾಫಿಗೆ!

"ಹಾರ್ಮೆನ್!" ಅಂತ ಪಿಸುಗುಟ್ಟಿದೆ. ಹೋದದ್ದು ಎಡಗಿವಿಗೆ.

ಕೂಗುವ ಹಾಗಿಲ್ಲ. ಎದುರುಮನೆಯ ಕನ್ನಡಿಯಲ್ಲಿ ಮೆಫ್ರೌ ಕ್ನೂಪ್ ಮುಖ ಅಂಗೈಯಗಲ ಕಾಣುತ್ತಿದೆ, ಪಕ್ಕದಲ್ಲಿ ಮೆನೇರ್ ಕ್ವಾಕರ್ನಾಕ್. ಇಬ್ಬರ ಕಣ್ಣೂ ನನ್ನ ಮೇಲೆ. ಒಂದು ಸದ್ದು ಹೊರಬಿದ್ದರೆ ಯುಫ್ರೌ ಕಥೆ ಮುಗಿಯಿತು, ಇನ್ನು ಬದುಕಿಡೀ ಲಂಡನ್ ಮಂಜು. ಹಲ್ಲು ಕಚ್ಚಿ ನೇತಾಡಿದೆ. ಗಾಳಿ ಬಂತು, ಜಮಖಾನೆ ಗಾಳಿಗಿರಣಿಯ ರೆಕ್ಕೆಯ ಹಾಗೆ ಸುತ್ತತೊಡಗಿತು. ಬೀದಿ, ನೀರು, ವಿಧವೆ, ಬೀದಿ, ನೀರು, ವಿಧವೆ.

ಆಗ ಎದೆಜೇಬಿನಲ್ಲಿ ಏನೋ ಅಲುಗಿತು.

ತಲೆಕೆಳಗಾಗಿದ್ದೆನಲ್ಲ. ಬಿಸ್ಕತ್ತು ಜೇಬಿನಿಂದ ಜಾರಿತು. ಮೆಲ್ಲಗೆ ಎದೆಯಿಂದ ಕುತ್ತಿಗೆಗೆ ಬಂತು. ಕುತ್ತಿಗೆಯಲ್ಲಿ ನಿಂತು, ನಾನು ಉಸಿರೆಳೆದಾಗ ಗಲ್ಲಕ್ಕೆ ಬಂತು. ಕೈ ಎರಡೂ ಪಕ್ಕಕ್ಕೆ ಬಿಗಿದು ಸುತ್ತಿದ್ದಾರೆ, ತಡೆಯುವುದು ಹೇಗೆ? ತುಟಿ ಬಿಗಿಹಿಡಿದೆ. ಅದು ಗಲ್ಲದ ಮೇಲೆ ಕೂತು, ಒಂದೊಂದೇ ಚೂರು ಉದುರಿಸುತ್ತಾ, ಮೂಗಿಗೆ ಬಂತು. ಮೂಗಿನೊಳಗೆ ಚೂರು ಹೋಯಿತು. ಸೀನು ಬಂತು. ಸೀನಲು ಬಾಯಿ ತೆರೆಯಬೇಕಲ್ಲ! ತೆರೆದೆ. ಆಕ್ಷೀ ಅಂದು ಉಸಿರು ಒಳಗೆಳೆದುಕೊಂಡೆ. ಅರ್ಧ ಬಿಸ್ಕತ್ತು ಒಳಗೆ ಹೋಗಿತ್ತು.

ಉಗುಳಿದೆ. ಉಗುಳಿದ್ದು ನನ್ನ ಕಣ್ಣಿಗೇ ಬಿತ್ತು. ಉಳಿದದ್ದು ಗಂಟಲಲ್ಲಿ ಇಳಿದುಹೋಯಿತು.

ಕಣ್ಮುಚ್ಚಿ ಎಣಿಸಿದೆ. ಒಂದು, ಎರಡು, ಮೂರು… ನಾಲಿಗೆಯ ತುದಿ ಜುಮ್ಮೆಂದಿತು. ಸುಮ್ಮನೆ ಹೇಳುತ್ತಿಲ್ಲ, ಜುಮ್ಮೆಂದಿತು! ಆಮೇಲೆ ಪಾದ ತಣ್ಣಗಾಯಿತು. ಬೆರಳು ಅಲ್ಲಾಡಿಸಿದರೆ ಇವೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ಆಮೇಲೆ ಕಿವಿಯಲ್ಲಿ ಗಂಟೆ. ಚರ್ಚಿನದು ಆಗಲೇ ನಿಂತಿತ್ತು, ಇದು ನನ್ನ ಸ್ವಂತದ್ದು. ಹಾಳೆಯಲ್ಲಿ ಬರೆದಿದ್ದಂತೆ, ಬರೆದ ಕ್ರಮದಲ್ಲೇ. ಇನ್ನೆಷ್ಟು ನಿಮಿಷ? ಆರೇ? ಏಳೇ? ಹಿಲ್ಲಾ ಸುಲಿಯುತ್ತಿದ್ದ ಆಲೂಗಡ್ಡೆ ಕಣ್ಣ ಮುಂದೆ ಬಂತು. ಒಬ್ಬಳಿಗೆ ಅಷ್ಟೊಂದು ಯಾಕೆ ಬೇಕು ಅನ್ನಿಸಿ ಅಳು ಬಂತು. ಕಣ್ಣೀರು ಹಣೆಗೆ ಹರಿಯಿತು.

ಎದುರಿನ ಇನ್ನೊಂದು ಕನ್ನಡಿಯಲ್ಲಿ ನಮ್ಮ ಕಿಟಕಿ, ಅದರಲ್ಲಿ ಯುಫ್ರೌ ನಿಂತಿದ್ದರು. ಗಡಿಯಾರ ನೋಡುತ್ತಿದ್ದರು.

ಆಮೇಲೆ ನನಗೆ ಪುಸ್ತಕವೂ ಬೇಡವಾಯಿತು, ಮಾತೂ ಬೇಡವಾಯಿತು. ಶ್ವಾಸಕೋಶದಲ್ಲಿ ಇದ್ದಬದ್ದದ್ದನ್ನೆಲ್ಲ ಸೇರಿಸಿ ಕೂಗಿದೆ.

"ಕೊಲೆ! ಕೊಲೆ! ನನ್ನ ಕೊಂದ್ರು! ಯಾರಾದ್ರೂ ಬನ್ರಪ್ಪಾ! ನಾನು ವೀಬೆ, ಇದ್ರೊಳಗಿದೀನಿ!"

ದಕ್ಕೆಯ ಮೇಲೆ ಹೋಗುತ್ತಿದ್ದ ಒಬ್ಬ ಸಭ್ಯ ಮೆನೇರ್ ತಲೆಯೆತ್ತಿ ಜಮಖಾನೆಯನ್ನು ನೋಡಿದರು. ಟೋಪಿ ಎತ್ತಿದರು. "ಶುಭದಿನ" ಅಂದರು. ಹೋದರು.

ಮೀನಿನ ತಳ್ಳುಗಾಡಿಯ ಹೆಂಗಸು ಬಂದಳು. "ಅಮ್ಮಾ, ನನಗೆ ವಿಷ ಹಾಕಿದಾರೆ!" ಅಂತ ಕಿರುಚಿದೆ. ಅವಳು ಗಾಡಿಯನ್ನು ಜಮಖಾನೆಯ ನೆರಳಿನಿಂದ ಆಚೆ ತಳ್ಳಿಕೊಂಡು, "ಮೇಲಿಂದ ಚೂರು ಬೀಳ್ತಿದೆ ನೋಡಿ, ಮೀನು ಹಾಳಾಗತ್ತೆ" ಅಂತ ಗೊಣಗಿ ಹೋದಳು.

ಎದುರು ಕನ್ನಡಿಯಲ್ಲಿ ವಿಧವೆಯ ತುಟಿ ಅಲುಗುತ್ತಿತ್ತು. ಮುಖ ಕೆಂಪಾಗುತ್ತಿತ್ತು. ಎದ್ದರು. ಶಾಲು ಹೊದ್ದರು. ಇನ್ನೇನು, ಬರುತ್ತಾರೆ! ಯುಫ್ರೌ ಸೋತರು, ನಾನು ಉಳಿದೆ! ಆ ಹೆಂಗಸನ್ನು ಕಂಡು ಅಷ್ಟು ಸಂತೋಷಪಟ್ಟ ಮನುಷ್ಯ ಈ ಬೀದಿಯಲ್ಲಿ ನಾನೊಬ್ಬನೇ ಇರಬೇಕು.

ಅಷ್ಟರಲ್ಲಿ ಹಾರ್ಮೆನ್ ಬಾಯಿ ಒರೆಸಿಕೊಂಡು ಹೊರಬಂದು ಗಂಟು ಬಿಚ್ಚಿದ. ದಡ್ ಅಂತ ಕೈಗಾಡಿಯ ಮೇಲೆ ಇಳಿದೆ. ಯುಫ್ರೌ ಲಂಗ ಎತ್ತಿಕೊಂಡು ಮೆಟ್ಟಿಲಿಳಿದು ಓಡಿ ಬಂದರು. ಕೈಯಲ್ಲಿ ಪೆನ್ಸಿಲು. ಜಮಖಾನೆಯ ಬಾಯಿಗೆ ಬಗ್ಗಿ ಅವರು ಕೇಳಿದ ಮೊದಲ ಮಾತು ಇದು:

"ವೀಬೆ, ನಾಲಿಗೆ ಹೆಂಗಿದೆ?"

"ಜೋಮು ಹಿಡಿದಿದೆ ತಾಯಿ! ಪಾದ ಇಲ್ಲ! ಗಂಟೆ ಬಾರಿಸ್ತಿದೆ! ಹಾಳೆ ಓದಿದೀನಿ ನಾನು, ಎಲ್ಲಾ ಗೊತ್ತು ನಂಗೆ! ನನ್ನ ಯಾಕೆ ಕೊಂದ್ರಿ? ನಿಮಗೇನು ಮಾಡಿದ್ದೆ?"

"ಹಾಳೆ ಓದಿದ್ಯಾ?" ಯುಫ್ರೌ ಪೆನ್ಸಿಲು ನಿಂತಿತು. "ಅಯ್ಯೋ ದೇವರೇ. ವೀಬೆ, ಅದು ಕಥೆಯ ಕೊನೇ ಭಾಗ ಕಣೋ. ಪುಸ್ತಕದಲ್ಲಿ ಹೆಸರು ಹಾಕಿ ಅಂತ ವರ್ಷದಿಂದ ನನ್ನ ಜೀವ ತಿಂದೋನು ಯಾರು? ನೀನೇ ತಾನೆ?"

"ಹಂಗಾದ್ರೆ ನಾಲಿಗೆ?"

"ಲವಂಗ. ಕೈತಪ್ಪಿ ಜಾಸ್ತಿ ಬಿದ್ದಿತ್ತು."

"ಪಾದ? ಕಿವಿ?"

"ತಲೆಕೆಳಗಾಗಿ ಹತ್ತು ನಿಮಿಷ ಯಾರು ನೇತಾಡಿದ್ರೂ ಹಂಗೇ ಆಗತ್ತೆ." ಅಷ್ಟು ಹೇಳಿ ಹಾರ್ಮೆನ್ ಕಡೆ ತಿರುಗಿದರು. "ನಿಂಗೇನಾಗಿತ್ತಪ್ಪಾ, ಮಧ್ಯದಲ್ಲಿ ಬಿಟ್ಟು ಹೋಗಕ್ಕೆ?"

ಹಾರ್ಮೆನ್‌ಗೆ ಬೇಜಾರಾಯಿತು. "ಹತ್ತು ಗಂಟೆ ಹೊಡೀತು ಯುಫ್ರೌ. ಹತ್ತಕ್ಕೆ ಕಾಫಿ ಕುಡೀದಿರೋ ಕೆಲಸದೋರನ್ನ ಕಂಡಿದ್ರೆ ಎದುರುಮನೆಯಮ್ಮ ಆಗ್ಲೇ ಪೊಲೀಸ್ ಕರೆದಿರೋರು. ಅಲ್ದೆ, ಸತ್ತೋನಿಗೇನು ಅವಸರ?"

ಅವನು ಜೀವನದಲ್ಲಿ ಆಡಿದ ಒಂದೇ ಬುದ್ಧಿವಂತಿಕೆಯ ಮಾತು ಅದು. ನಾನು ಇನ್ನೂ ಅದನ್ನು ಕ್ಷಮಿಸಿಲ್ಲ.

ಅಷ್ಟು ಹೊತ್ತಿಗೆ ಮೆಫ್ರೌ ಕ್ನೂಪ್ ಬೀದಿ ದಾಟಿ ಬಂದೇಬಿಟ್ಟರು. ಹಿಂದೆ ಏದುಸಿರು ಬಿಡುತ್ತಾ ಮೆನೇರ್ ಕ್ವಾಕರ್ನಾಕ್. ಯುಫ್ರೌ ಮುಖ ಬಿಳಿಚಿಕೊಂಡಿತು. ಪೆನ್ಸಿಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡದ್ದನ್ನು ನಾನು ಜಮಖಾನೆಯೊಳಗಿಂದ ಕಂಡೆ. ನನ್ನ ಭಯ ಇಳಿದಿತ್ತು, ಈಗ ಅವರ ಸರದಿ. ನನ್ನ ಒಂದು ಕೂಗಿನಿಂದ ಅವರ ಮೂರು ವರ್ಷ ಹೋಯಿತು. ಗಾಡಿಗೆ ಬಡಿದ ಪೆಟ್ಟಿಗೆ ನನ್ನ ಎರಡು ಕಾಲು ಮೇಲಿನ ತುದಿಯಿಂದ ಮೊಣಕಾಲಿನವರೆಗೆ ಹೊರಗೆ ಬಂದಿದ್ದವು, ಮರದ ಬೂಟು ಸಮೇತ. ವಿಧವೆ ಬೂಟು ನೋಡಿದರು. ಜಮಖಾನೆ ನೋಡಿದರು. ಬಾಯಿ ತೆರೆದರು.

"ಯುಫ್ರೌ ಫಾನ್ ಡ್ರೀಲ್, ನಾನು ಇನ್ನೊಬ್ಬರ ಮನೆ ವಿಷಯಕ್ಕೆ ಬರೋಳಲ್ಲ."

ಬೆರಳಿನಿಂದ ಜಮಖಾನೆಯ ಅಂಚನ್ನು ತಟ್ಟಿದರು.

"ಆದ್ರೆ ಬುಧವಾರ! ಬುಧವಾರ ಯಾರಾದ್ರೂ ಜಮಖಾನೆ ಹೊರಗೆ ಹಾಕ್ತಾರಾ? ಶುಕ್ರವಾರ ಯಾಕಿದೆ? ಈ ಬೀದೀಲಿ ನಲವತ್ತು ವರ್ಷದಿಂದ ಇದೀನಿ, ಇಂಥಾ ಮಾನಗೆಟ್ಟ ಕೆಲಸ ನೋಡಿರ್ಲಿಲ್ಲ. ನಿಮ್ಮಮ್ಮ ಇದ್ದಿದ್ರೆ ಏನಂತಿದ್ರು?"

ಮೆನೇರ್ ಕ್ವಾಕರ್ನಾಕ್ ಮುಂದೆ ಬಂದರು. "ಮೆಫ್ರೌ, ಒಳಗೊಬ್ಬ ಮನುಷ್ಯ ಇದಾನಲ್ಲಾ…"

"ಇದಾನೆ, ಕಾಣ್ಸತ್ತೆ ನಂಗೆ. ಕೊಲೆ ಕೊಲೆ ಅಂತ ಕಿರಿಚ್ತಾನೂ ಇದ್ದ. ಅದು ಅವರ ಮನೆ ವಿಷಯ, ನಮಗ್ಯಾಕೆ? ಜಮಖಾನೆ ಬೀದೀಗೆ ಬಂತು, ಅದಕ್ಕೇ ಹೇಳ್ತಿದೀನಿ."

ಶಾಲು ಬಿಗಿದುಕೊಂಡು ತಿರುಗಿ ಹೋದರು. ಬಾಗಿಲು ಮುಚ್ಚಿತು. ಎರಡೇ ಕ್ಷಣದಲ್ಲಿ ಕನ್ನಡಿಯಲ್ಲಿ ಮುಖ ಮತ್ತೆ ಕೂತಿತು.

ಮೆನೇರ್ ಕ್ವಾಕರ್ನಾಕ್ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡು, "ಕಟ್ಟು ಎಲ್ಲಿದೆ, ತನ್ನಿ. ನಿಮ್ಮ ಹೆಸರಲ್ಲೇ ಹಾಕೋಣ" ಅಂದರು. "ಇನ್ನು ಮೇಲೆ ನಾನು ಪರದೆ ಎಳ್ಕೊಂಡೇ ಮಲಗೋದು."

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಅವತ್ತೇ ಮಧ್ಯಾಹ್ನ, ಕೈಕಾಲಿಗೆ ಜೀವ ಬಂದ ಮೇಲೆ, ನಾನು ಸುಮ್ಮನಿರಲಾರದೆ ಕೇಳಿಬಿಟ್ಟೆ.

"ಯುಫ್ರೌ, ವಿಷ ಇಲ್ಲ ಅಂದ್ಮೇಲೆ ಎರಡನೇ ಬಿಸ್ಕತ್ತು ಯಾಕೆ ಕೊಟ್ರಿ?"

ಅವರು ಇದೇ ಕಿಟಕಿಯ ಹತ್ತಿರ ಕೂತು ಹಾಳೆಯ ಮೇಲೆ ಗೀಟು ಹಾಕುತ್ತಿದ್ದರು. "ಕೊಟ್ರೆ ಮನುಷ್ಯ ತಿಂತಾನೋ ಇಲ್ವೋ ಅಂತ ನೋಡ್ಬೇಕಿತ್ತು. ನಿನ್ನ ಮುಖ ಸುಣ್ಣ ಬಳಿದ ಗೋಡೆ ಆಯ್ತು. ಹಾಳೆ ಓದಿರದೋನಾದ್ರೂ ಹೆದರ್ತಾನೆ. ಈ ದೇಶದಲ್ಲಿ ಎರಡನೇದ್ರಲ್ಲಿ ವಿಷ ಹಾಕಿ ಯಾರನ್ನೂ ಕೊಲ್ಲಕ್ಕಾಗಲ್ಲ. ಅದಕ್ಕೇ ಬದಲಾಯಿಸ್ತಿದೀನಿ."

"ಏನಂತ?"

"ಮೊದಲನೇದ್ರಲ್ಲಿ ಹಾಕ್ತೀನಿ. ಮೊದಲನೇದನ್ನ ಯಾರೂ ಅನುಮಾನಿಸಲ್ಲ." ಆಮೇಲೆ ತಲೆಯೆತ್ತಿ, ಕನ್ನಡಕದ ಮೇಲಿನಿಂದ ನನ್ನನ್ನು ದಿಟ್ಟಿಸಿದರು. "ನೀನು ಮೊದಲನೇದು ತಿಂದೆ ಅಲ್ವಾ ವೀಬೆ? ಒಂದು ಚೂರೂ ಬಿಡದೆ?"

ನನ್ನ ನಾಲಿಗೆ ಮತ್ತೆ ಜುಮ್ಮೆಂದಿತು. ಅವರು ನಗಲಿಲ್ಲ. ನನ್ನ ಮುಖ ನೋಡಿಕೊಂಡು ಎರಡು ಸಾಲು ಬರೆದುಕೊಂಡರು.

ಆ ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಪುಸ್ತಕ ಬಂದಿತು, ಅವರದೇ ಹೆಸರಿನಲ್ಲಿ. ಅದರ ಕೊನೆಯಲ್ಲಿ ವೀಬೆ ಎನ್ನುವ ಸಾಮಾನು ಸಾಗಿಸುವವನು ಸಾಯುತ್ತಾನೆ. ಎಷ್ಟು ಚೆನ್ನಾಗಿ ಸಾಯುತ್ತಾನೆಂದರೆ ಹಿಲ್ಲಾ ಓದಿಸಿಕೊಂಡು ಅತ್ತಳು. ಪಕ್ಕದಲ್ಲೇ ನಾನು ಕೂತಿದ್ದೆ. ಆ ಚಳಿಗಾಲ ಡೋರ್ಡ್ರೆಕ್ಟ್‌ನ ಕೆಲಸದ ಹೆಂಗಸರು ಯಾರ ಮನೆಯಲ್ಲೂ ಮೊದಲನೆಯ ಬಿಸ್ಕತ್ತನ್ನೇ ಮುಟ್ಟಲಿಲ್ಲ. ಬೇಕರಿಯವನು ಅಂಗಡಿ ಮುಚ್ಚಿ ಸೈಕಲ್ ರಿಪೇರಿಗೆ ಇಳಿದ. ತೊಲೆಯ ಮೇಲಾಣೆ.

ಈಗ ನೀವೇ ನೋಡಿ. ನೀವು ನನಗೆ ಕಾಫಿ ಕೊಟ್ಟಿರಿ, ಸಂತೋಷ. ಒಂದು ಬಿಸ್ಕತ್ತು ಕೊಟ್ಟಿರಿ. ಅದು ನನ್ನ ಬಟ್ಟಲ ಪಕ್ಕದಲ್ಲಿ ಹಾಗೇ ಇದೆ, ಕಂಡಿರಾ? ಮುಟ್ಟಿಲ್ಲ. ಮುಚ್ಚಳವನ್ನೂ ಆಗಲೇ ಟಪ್ ಅಂತ ಹಾಕಿಬಿಟ್ಟಿರಿ. ಇಷ್ಟು ಹೊತ್ತು ಗಂಟಲು ಒಣಗಿಸಿಕೊಂಡಿದ್ದೇನೆ, ಹಾರ್ಮೆನ್ ಹಗ್ಗಕ್ಕೆ ಎಂಥ ಗಂಟು ಹಾಕಿದ್ದಾನೋ ನನಗೆ ಗೊತ್ತಿಲ್ಲ, ಗಾಳಿ ಬೇರೆ ಏಳುತ್ತಿದೆ, ನಿಮ್ಮ ಪಿಯಾನೋ ಆಗಲೇ ಎರಡು ಸುತ್ತು ತಿರುಗಿತು. ಹಾಗಾಗಿ ಆ ಡಬ್ಬಿಯ ಮುಚ್ಚಳ ತೆಗೆಯಿರಿ. ಎರಡನೆಯದು ನನಗೆ ಕೊಡಿ. ಈ ಮೊದಲನೆಯದನ್ನು ನೀವು ತಿನ್ನಿ, ನನ್ನ ಕಣ್ಣ ಮುಂದೆಯೇ, ಪೂರ್ತಿ. ಹತ್ತು ನಿಮಿಷ ಕಾಯುತ್ತೇನೆ. ನನಗೇನೂ ಅವಸರವಿಲ್ಲ.